ಮನೆಯ ಪಾತಿ, ಮಾರುವ ಪಾತಿ

ನಮ್ಮೂರು ಹೂಡಿಯಲ್ಲಿ ನಮ್ಮ ಹೊಲದ ಮುಕ್ಕಾಲು ಭಾಗದ ಮೇಲೆ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಉಳಿದ ತುಂಡಿನಲ್ಲಿ ಸೊಪ್ಪು ಬೆಳೆದು ಅದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಾರುತ್ತೇನೆ. ಬೋರ್‌ವೆಲ್ ಪಕ್ಕದ ಪಾತಿ ಮನೆಗೆ, ಅದಕ್ಕೆ ಹುಳದ ಔಷಧಿ ಹೊಡೆಯುತ್ತಿರಲಿಲ್ಲ. ಆಚೆಯದು ಮಾರುವುದಕ್ಕೆ. ಅದಕ್ಕೆ ಸಂಜೆ ಹೊಡೆದು ಬೆಳಿಗ್ಗೆ ಕೀಳುತ್ತಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ, ನನಗೂ.

ಹೋದ ವರ್ಷ ಒಂದು ದಿನ ಸೆಕ್ಯೂರಿಟಿಯವನು ಕೋಲು ಅಡ್ಡ ಹಿಡಿದ. "ಅಜ್ಜಿ, ಇನ್ಮೇಲೆ ಇಲ್ಲಿ ಕೂತ್ಕೋಬೇಡಿ. ಮೇಡಂ ಆರ್ಡರ್."

"ಕರಿ ನಿಮ್ಮ ಮೇಡಂನ."

ಅಪಾರ್ಟ್‌ಮೆಂಟ್ ಸಂಘದ ಮೇಡಂ ಒಂದು ಕಾಗದ ಹಿಡಿದು ಬಂದರು. ನನಗೆ ಓದು ಅಷ್ಟಕ್ಕಷ್ಟೇ, ಬಾಯಲ್ಲೇ ಹೇಳಿ ಅಂದೆ. ನನ್ನ ದಂಟಿನ ಸೊಪ್ಪನ್ನು ಲ್ಯಾಬಿಗೆ ಕಳಿಸಿದ್ದರಂತೆ. ತಿನ್ನುವ ಪದಾರ್ಥದಲ್ಲಿ ಔಷಧಿ ಇಷ್ಟರ ಮೇಲೆ ಉಳಿದಿರಬಾರದು ಎಂದು ಸರ್ಕಾರ ಮಿತಿ ಇಟ್ಟಿದೆಯಂತೆ. ನನ್ನದು ಅದನ್ನು ದಾಟಿತ್ತು.

"ತೂತಿರೋ ಎಲೆ ಬ್ಯಾಡ ಅಂತ ಎಸೆದು ಓಗ್ತಿದ್ದೋರು ಯಾರು? ನೀವೇ ಅಲ್ವಾ?"

"ನಾನೇ. ಒಪ್ಕೋತೀನಿ. ಈಗ ನೀವು ಹೇಳಿ ಅಜ್ಜಿ, ಮನೇಲಿ ಇದನ್ನೇ ತಿಂತೀರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ, ಮನೇಗೆ ಬೇರೆ ಪಾತಿ" ಅಂದೆ. ಬುಟ್ಟಿ ಎತ್ತಿಕೊಂಡು ಬಂದೆ. ಆದರೆ ಆ ಗೇಟು ಬಿಡುವ ಮಾತಿರಲಿಲ್ಲ. ಅಲ್ಲಿ ಗೇಟು ಬರುವ ಮೊದಲು ನಾನು ರಾಗಿ ಕೊಯ್ದಿದ್ದೇನೆ.

ಔಷಧಿ ಅಂಗಡಿಗೆ ಡಬ್ಬಿ ಒಯ್ದು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು, ಓದಿ ಹೇಳು ಅಂದೆ. ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ರಲ್ಲಿ ಸೊಪ್ಪಿನ್ ಎಸ್ರೇ ಇಲ್ಲ ಕಣಜ್ಜಿ. ಅತ್ತಿ ಬೆಳೆಗೆ ಅಂತದೆ."

"ಮತ್ಯಾಕ್ ಕೊಟ್ಟೆ?"

"ನೀನ್ ಕೇಳ್ದೆ, ಕೊಟ್ಟೆ."

ಆ ಹತ್ತಿ ಔಷಧಿಯ ಡಬ್ಬಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ. ಮಾರುವ ಪಾತಿಯ ಸೊಪ್ಪನ್ನೆಲ್ಲ ಕಿತ್ತು ಗುಂಡಿಯಲ್ಲಿ ಮುಚ್ಚಿ, ಹೊಸದಾಗಿ ಬಿತ್ತಿದೆ. ಎರಡು ಪಾತಿಗಳ ನಡುವಿನ ಬದುವನ್ನು ಗುದ್ದಲಿಯಲ್ಲಿ ಒಡೆದೆ.

ಸೊಸೆ ನೋಡುತ್ತಾ ನಿಂತಿದ್ದಳು. "ಇನ್ನು ನಾವ್ ಯಾವ್ದನ್ನ ತಿನ್ನೋದು ಅತ್ತೆ?"

"ಕೈಗೆ ಸಿಕ್ಕಿದ್ದನ್ನ."

ಔಷಧಿ ಮುಟ್ಟಿಸದ ಸೊಪ್ಪು ಮೇಲೆದ್ದಾಗ ಮೇಡಂ ಅವರನ್ನು ಹೊಲಕ್ಕೇ ಕರೆತಂದೆ. "ಎಲ್ಲಿ ಬೇಕೋ ಅಲ್ಲಿ ಕಿತ್ಕೊಳ್ಳಿ, ನಾನ್ ತೋರ್ಸಲ್ಲ" ಅಂದೆ. ಲ್ಯಾಬಿನ ಕಾಗದ ಬರುವವರೆಗೆ ಗೇಟಿನ ಹತ್ತಿರ ಸುಳಿಯಲಿಲ್ಲ. ಈ ಸಲ ಮಿತಿಯ ಒಳಗೇ ಇದೆ, ಬಂದು ಕೂರಿ ಎಂದು ಮೇಡಂ ಹೇಳಿಕಳಿಸಿದರು. ಆಗಾಗ ಪರೀಕ್ಷೆ ಮಾಡಿಸುತ್ತಾ ಇರಿ, ಯಾವಾಗ ಅಂತ ನನಗೆ ಹೇಳಬೇಡಿ ಎಂದು ನಾನೂ ಹೇಳಿಕಳಿಸಿದೆ.

ಮರುದಿನ ಅದೇ ಜಾಗದಲ್ಲಿ ಗೋಣಿ ಹಾಸಿದೆ. ಮೊದಲು ಬಂದವಳು ಕಟ್ಟು ಎತ್ತಿ ಮೂಗು ಮುರಿದಳು. "ಏನಜ್ಜಿ, ಎಲ್ಲಾ ತೂತು!"

"ಉಳ ತಿಂದದೆ. ನಮ್ಮನೇಲೂ ಇವತ್ತು ಇದೇ ಸಾರು. ಬೇಕಾದ್ರೆ ತಗೋ, ಇಲ್ದಿದ್ರೆ ಮುಂದಿನೋರ್ಗೆ ಜಾಗ ಬಿಡು."

ಕಟ್ಟು ಇಟ್ಟು ಹೋದಳು. ನಾನು ಗೋಣಿ ಮಡಚಲಿಲ್ಲ.