ಅಟ್ಟದ ಬಾಡಿಗೆದಾರರು

ಮನೆಯೊಡತಿ ಅಜ್ಜಿ ದಿನಾ ಬೆಳಿಗ್ಗೆ ಕಂಬಳಿ ಕೊಡವುತ್ತಾ, ಅಟ್ಟದ ಬಾವಲಿಗಳನ್ನು ಬಯ್ಯುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ: “ನಿಮ್ಮ ಚಿಗಟ ನಿಮ್ಮ ಮೈಮೇಲೇ ಇಟ್ಕೊಳ್ರೇ!” ಆದರೆ ಮೈ ಕೆರೆದು ಕೆರೆದು ಸಾಕಾದ ಬಾಡಿಗೆಯ ಹೆಂಗಸು ಬಾಯಿ ತೆರೆದರೆ ಸಾಕು, “ಅವು ನಿನಗಿಂತ ಮೊದಲು ಬಂದವು ಕಣೇ, ಲೈಟೂ ಕೇಳಲ್ಲ, ನೀರೂ ಕೇಳಲ್ಲ!” ಎಂದು ಅವಳ ಮೇಲೇ ಹರಿಹಾಯುತ್ತಾಳೆ. ‘ದೇವರೇ, ಈ ಮುದುಕಿಗೆ ಬುದ್ಧಿ ಕೊಡಪ್ಪಾ’ ಎಂದು ಬಾಡಿಗೆಯವಳು ಗೊಣಗಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಉಪ್ಪು ಕೇಳಲು ಅಜ್ಜಿಯ ಕೋಣೆಗೆ ಹೋದವಳು ತಲೆಯೆತ್ತಿ ನೋಡಿದಳು. ಗಾಳಿ ಬೆಳಕಿನ ಕೋಣೆಯನ್ನು ಇವಳಿಗೆ ಬಿಟ್ಟುಕೊಟ್ಟ ಅಜ್ಜಿಯ ಮಂಚ, ಚಿಗಟ ಉದುರುವ ಅಟ್ಟದ ಬಾಗಿಲಿನ ನೇರ ಕೆಳಗಿತ್ತು. ಅಜ್ಜಿಯ ತೋಳಿನ ತುಂಬ ಕೆಂಪು ದದ್ದು. “ನನ್ನ ತಮ್ಮ ಬಿಟ್ಟಿಯಾಗೇ ಹೊಗೆ ಹಾಕಿ ಓಡಿಸ್ತಾನೆ, ಅಜ್ಜಿ.” “ಬೇಡ ಕಣೇ. ಮರಿಗಳಿಗಿನ್ನೂ ಹಾರೋಕೆ ಬರಲ್ಲ. ಮೇಲಿರೋರೆಲ್ಲ ಬಾಣಂತಿಯರು.”