ಸೋರಿದರೆ ವಾಪಸ್ ತನ್ನಿ

ಬೆಳುವಾಯಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೇಸಮ್ಮ ನಿನ್ನೆ ಹೊಲಿದು ಮುಗಿಸಿದ ಗೊರಬೆಯನ್ನು ತಲೆಗೆ ಹಾಕಿಕೊಂಡು ಅಂಗಳದಲ್ಲಿ ಬಗ್ಗಿ ನಿಲ್ಲುತ್ತಾರೆ. ಗಂಡ ಮಾಯಿಲಪ್ಪ ಹಿಂದಿನಿಂದ ಕೊಡಪಾನದ ನೀರು ಸುರಿಯುತ್ತಾರೆ. ನೀರು ತಾಳೆಗರಿಯ ಮೇಲೆ ಜಾರಿ ನೆಲಕ್ಕೆ ಇಳಿಯುತ್ತದೆ. ಸೇಸಮ್ಮ ಕೈ ಹಿಂದೆ ಹಾಕಿ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ಒದ್ದೆ ಇಲ್ಲ. ಇದು ಸಂತೆಗೆ ಹೋಗ್ಲಿ."

ಮಳೆಯಲ್ಲಿ ಗದ್ದೆಗಿಳಿದು ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರಿಗೆ ಗೊರಬೆಯೇ ಕೊಡೆ. ತಲೆಯಿಂದ ಸೊಂಟದವರೆಗೆ ಮುಚ್ಚಿ, ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಸೇಸಮ್ಮನೂ ನೇಜಿ ನೆಡುವವರೇ. ಗದ್ದೆಯ ಕೂಲಿಯಿಂದಲೇ ಮನೆ ನಡೆಯಬೇಕು. ಗೊರಬೆ ಹೊಲಿಯುವುದು ಬೇಸಗೆಯ ಉಪಕಸುಬು. ಗರಿ ಕಡಿದು ಒಣಗಿಸುವುದು ಮಾಯಿಲಪ್ಪನವರ ಪಾಲು. ಹೊಲಿಗೆ, ಮಾರಾಟ ಸೇಸಮ್ಮನದು.

ಮೊದಮೊದಲು ಮೂಡುಬಿದಿರೆ ಸಂತೆಗೆ ಹೊತ್ತುಕೊಂಡು ಹೋದದ್ದರಲ್ಲಿ ಅರ್ಧವನ್ನು ಹೊತ್ತುಕೊಂಡೇ ಬರಬೇಕಿತ್ತು. ಕೂಗಿ ಕರೆದರು, ಗಂಟಲು ಕಟ್ಟಿತು. ಬೆಲೆ ಇಳಿಸಿದರು, "ಇಷ್ಟು ಸೋವಿ ಯಾಕೆ? ಹಳೇ ಗರಿಯಾ?" ಎಂದು ಜನ ಇನ್ನಷ್ಟು ದೂರ ಸರಿದರು. ಒಂದು ದಿನ ಸುಂದರಿ ಎಂಬ ಕೂಲಿಯ ಹೆಂಗಸು ಗೊರಬೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು.

"ಸಂತೆಯಲ್ಲಿ ಎಲ್ಲವೂ ಚಂದವೇ ಸೇಸಕ್ಕ. ಸೋರ್ತದಾ ಇಲ್ವಾ ಅಂತ ಗೊತ್ತಾಗುವುದು ಗದ್ದೆಗೆ ಇಳಿದ ಮೇಲೆ. ಆಗ ಯಾರತ್ರ ಹೇಳುವುದು?"

"ನನ್ನತ್ರ ಹೇಳು," ಎಂದುಬಿಟ್ಟರು ಸೇಸಮ್ಮ. "ಆಟಿ ತಿಂಗಳ ಜಡಿಮಳೆ ಮುಗಿಯುವ ಮೊದಲು ಸೋರಿದ್ರೆ ವಾಪಸ್ ತಾ. ಬೇರೆ ಕೊಡ್ತೇನೆ."

ಸುತ್ತ ನಿಂತ ಹೆಂಗಸರ ಕಿವಿಗೂ ಮಾತು ಬಿತ್ತು. ಅಂದು ಒಯ್ದದ್ದೆಲ್ಲ ಮಾರಿ ಸೇಸಮ್ಮ ಬರಿಗೈಯಲ್ಲಿ ಮನೆಗೆ ಬಂದರು. ಮಾಯಿಲಪ್ಪನವರಿಗೆ ಮಾತ್ರ ಊಟ ಸೇರಲಿಲ್ಲ. "ನಿನಗೆ ಮರುಳಾ? ಎಲ್ಲರೂ ವಾಪಸ್ ತಂದ್ರೆ ನಾವು ಎಂತ ತಿನ್ನುವುದು?"

ಎರಡು ಮಳೆಗಾಲ ಒಂದೂ ಹಿಂದಕ್ಕೆ ಬರಲಿಲ್ಲ. ಕಳೆದ ವರ್ಷ, ೧೯೬೧ರಲ್ಲಿ, ಮಳೆ ಮೊದಲೇ ಹಿಡಿದು ಗರಿ ಸರಿಯಾಗಿ ಒಣಗಲಿಲ್ಲ. ನಾಟಿ ಜೋರಾಗಿದ್ದಾಗ ಸುಂದರಿ ಮತ್ತು ಇನ್ನು ಕೆಲವರು ಬೆನ್ನು ತೊಯ್ದುಕೊಂಡು ಅಂಗಳಕ್ಕೆ ಬಂದರು. ಸೇಸಮ್ಮ ಸೋರಿದವನ್ನು ಇಳಿಸಿಕೊಂಡರು. ಮನೆಯಲ್ಲಿ ಉಳಿದಿದ್ದ ಒಳ್ಳೆಯ ಗೊರಬೆಗಳನ್ನು ಒಂದೊಂದಾಗಿ ಕೊಟ್ಟರು. ಕೊನೆಗೆ ಸುಂದರಿ ಉಳಿದರು, ಗೊರಬೆ ಉಳಿಯಲಿಲ್ಲ. ಸೇಸಮ್ಮ ಗೋಡೆಯಲ್ಲಿ ತೂಗಿದ್ದ ತನ್ನದನ್ನೇ ತೆಗೆದರು.

"ಅದು ನಿಮ್ಮದಲ್ವಾ? ನಿಮಗೆ?"

"ನನಗೆ ಗೋಣಿ ಉಂಟು. ನೀನು ಹೋಗು, ಹೊತ್ತಾಯ್ತು."

ಮಡಚಿದ ಗೋಣಿಯಡಿಯಲ್ಲೇ ಆ ವರ್ಷದ ನಾಟಿ ಮುಗಿಯಿತು. ನೀರು ಕುಡಿದ ಗೋಣಿ ಬೆನ್ನ ಮೇಲೆ ಕಲ್ಲಿನಂತೆ ಕೂತಿತು. ಜ್ವರ ಬಂದು ಸೇಸಮ್ಮ ಚಾಪೆ ಹಿಡಿದರು. "ಬಯ್ಯಬೇಕು ಅಂತಲೇ ಇದ್ದೆ," ಎನ್ನುತ್ತಾರೆ ಮಾಯಿಲಪ್ಪ. "ಅವಳು ನಡುಗುವುದು ನೋಡಿ ಕಂಬಳಿ ಹೊದೆಸಿದೆ." ಇನ್ನು ಮಾರುವ ಮೊದಲು ಹೊಲಿದದ್ದಕ್ಕೆಲ್ಲ ನೀರು ಸುರಿದು ನೋಡುವ ಎಂದದ್ದು ಅವರೇ.

ಈ ಬೇಸಗೆಯ ಸಂತೆಯಲ್ಲಿ ಸೇಸಮ್ಮ ಕೂಗುವುದಿಲ್ಲ. ಬೆಳ್ತಂಗಡಿ ಕಡೆಯ ನೆಂಟರನ್ನು ಕರೆತಂದ ಸುಂದರಿಯೇ ಮಾತು ಶುರು ಮಾಡುತ್ತಾರೆ: "ಸೋರಿದ್ರೆ ಬೇರೆ ಕೊಡ್ತಾರೆ. ನನಗೆ ಕೊಟ್ಟಿದ್ದಾರೆ." ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ. ಬಿಸಿಲು ನೆತ್ತಿಗೇರುವ ಮೊದಲೇ ಸೇಸಮ್ಮನ ಮುಂದೆ ನೆಲ ಖಾಲಿ.

ಪೇಟೆಯಲ್ಲೊಂದು ಅಂಗಡಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಸೇಸಮ್ಮ ನಗುತ್ತಾರೆ.

"ಅಂಗಡಿ ಎಲ್ಲ ನನಗೆ ಬೇಡ. ಸಂತೆಯಲ್ಲಿ ಈಗ ಕೂತ್ಕೊಳ್ಳುವ ಜಾಗ ತಪ್ಪದಿದ್ರೆ ಸಾಕು. ವಾಪಸ್ ತರುವವರು ನನ್ನನ್ನು ಹುಡುಕಿಕೊಂಡು ತಿರುಗಬಾರ್ದು."