ಗುಡಿಗೆ ಹೋದ ಬಿಳಿ ಕೋಲು

ನಮ್ಮ ಸೋದರತ್ತೆಗೆ ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಅವರಿಗೊಂದು ಕೋಲು ಬೇಕೆಂದು ನಮ್ಮ ಮನೆಯ ಬುದ್ಧಿವಂತರಿಗೆ ಹೊಳೆದದ್ದು ಮಾತ್ರ ಹುಣಸೂರಿಗೆ ಇದ್ದಿಲು ಉರಿಸಿ ಓಡುವ ಬಸ್ಸು ಬಂದ ಮೇಲೆ. ಬಿಳಿಯರ ಸೀಮೆಯಲ್ಲಿ ಕುರುಡರು ಬಿಳಿ ಕೋಲು ಹಿಡೀತಾರಂತೆ, ಕಂಡರೆ ಮೋಟಾರು ನಿಂತುಬಿಡುತ್ತದಂತೆ ಎಂದು ಮೈಸೂರಲ್ಲಿ ಓದುತ್ತಿದ್ದ ನಮ್ಮಣ್ಣ ಪೇಪರಿನಲ್ಲಿ ನೋಡಿಕೊಂಡು ಬಂದ. ನಮ್ಮ ಬೀದಿಯಲ್ಲಿ ಓಡಾಡುತ್ತಿದ್ದುದು ಎತ್ತಿನ ಗಾಡಿ. ಎತ್ತುಗಳು ಪೇಪರ್ ಓದುತ್ತಿರಲಿಲ್ಲ.

ಅತ್ತೆಗೆ ಬೇಕಾಗಿದ್ದುದು ಒಂದೇ. ಹಿಂದಿನ ಬೀದಿಯ ಬಳೆ ಸಾಬರ ಮನೆಯಲ್ಲಿ ಅವರ ಬಾಲ್ಯದ ಗೆಳತಿ ಮಂಡಿನೋವಿಂದ ಹಾಸಿಗೆ ಹಿಡಿದಿದ್ದರು. ಅಲ್ಲಿಗೆ ಒಬ್ಬರೇ ಹೋಗಬೇಕು, ಮನಸ್ಸು ತುಂಬೋವರೆಗೆ ಕೂತು ಮಾತಾಡಬೇಕು. ನಾವು ಯಾರಾದರೂ ಕರೆದುಕೊಂಡು ಹೋದರೆ ಅವರ ಹೊಸಿಲಲ್ಲೇ ನಿಂತು, ಹೊತ್ತಾಯ್ತು ಹೊತ್ತಾಯ್ತು ಅಂತ ಪ್ರಾಣ ತಿನ್ನುತ್ತಿದ್ದೆವು.

ಅಪ್ಪ ಅಂತರಸಂತೆಯಿಂದ ಒಂದು ಹೊರೆ ಕೋಲು ತರಿಸಿದರು. ಹೆಣ್ಣು ನೋಡಲು ಬಂದವರ ಹಾಗೆ ಗಂಡಸರೆಲ್ಲ ಜಗಲಿ ಮೇಲೆ ಕೂತು ಆರಿಸಿದ್ದೇ ಆರಿಸಿದ್ದು. ಬಿದಿರು ಮನೆತನಕ್ಕೆ ಕಮ್ಮಿ, ಬೆತ್ತ ನಾಯಿ ಓಡಿಸೋಕೂ ಸಾಲದು. ಅತ್ತೆ ಒಳಗಿಂದ ಬಂದು, ಕೈಯಾಡಿಸಿ, ಹಗುರವಾದ ಬೆತ್ತವೊಂದನ್ನು ಎತ್ತಿಕೊಂಡು "ಇದು ಸಾಕು ಕಣಪ್ಪ" ಅಂದರು. ಅಪ್ಪ ಅದನ್ನು ತೆಗೆದಿಟ್ಟು ಆಳುದ್ದದ ಬೀಟೆ ಕೋಲು ಕೈಗಿಟ್ಟರು.

"ಮುಂದ್ಗಡೆ ಹಿಡ್ಕಂಡು ನಡ್ಸೋರ್ಗೆ ಜಾಗ ಬ್ಯಾಡ್ವೇನಕ್ಕ?"

ನಮ್ಮ ಕಡೆ ಕುರುಡರ ಕೋಲೆಂದರೆ ಅದೇ ತಾನೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಹಿಡಿದು ಎಳೆದುಕೊಂಡು ಹೋಗುವವರ ಕೈಯಲ್ಲಿ. ಅಂಥಾ ಬೀಟೆಗೆ ಗಾಡಿಯ ಬಣ್ಣದವನಿಂದ ಬಿಳಿ ಬಳಿಸಿದ್ದೂ ಆಯಿತು.

ಆಮೇಲೆ ಊರಿಗೆ ಊರೇ ಪುಣ್ಯ ಸಂಪಾದನೆಗೆ ನಿಂತಿತು. ಬಿಳಿ ಕೋಲು ಬೀದಿಯ ಆ ತುದಿಗೂ ಕಾಣುತ್ತಿತ್ತಲ್ಲ, ಅತ್ತೆ ಹೊಸಿಲು ದಾಟುವಷ್ಟರಲ್ಲಿ ಯಾರಾದರೊಬ್ಬರು ಓಡಿಬಂದು ಮುಂದಿನ ತುದಿ ಹಿಡಿದುಬಿಡುತ್ತಿದ್ದರು. ಗಂಡ ಸತ್ತ ಕುರುಡು ಮುದುಕಿ ಗುಡಿಗಲ್ಲದೆ ಇನ್ನೆಲ್ಲಿಗೆ ಹೋದಾಳು? ಕೇಳುವ ಮಾತೇ ಇಲ್ಲ, ನೇರ ಹನುಮಂತರಾಯನ ಮುಂದೆ. "ನಾನು ಬಳೆಯೋರ ಮನೆಗೆ ಕಣಪ್ಪ" ಅಂದರೆ, "ಈ ವಯಸ್ನಲ್ಲಿ ಬಳೆ ಯಾಕವ್ವ, ಬನ್ನಿ" ಅನ್ನುತ್ತಿದ್ದರು. ಹೊರಟಾಗಲೆಲ್ಲ ತೀರ್ಥ ಕುಡಿದು ವಾಪಸು. ಒಂದು ದಿನ ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತೇಬಿಟ್ಟರು. ಕಣ್ಣು ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ ಎಂದು ಅಮ್ಮ ಹೇಳಿದಳು. ನನಗಂತೂ ಊರವರ ಮೇಲೆಲ್ಲ ಮೈ ಉರಿದುಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ, ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಬಿಳಿ ಕೋಲು ಹಿಡಿದು ಬೆವರುತ್ತಾ ನಮ್ಮ ಮನೆಗೆ ಬಂದ. ಮಗಳ ಮದುವೆಯ ಸುದ್ದಿ ಹೇಳುತ್ತಾ ಹೇಳುತ್ತಾ ಅತ್ತೆಯನ್ನು ನಡೆಸಿಕೊಂಡು ಹೋದನಂತೆ. ಗುಡಿ ಮೆಟ್ಟಿಲ ಹತ್ತಿರ ತಿರುಗಿ ನೋಡಿದರೆ ಹಿಂದೆ ಬರೀ ಕೋಲು.

ಅಪ್ಪ ಹೊಳೆ ಕಡೆಗೆ ಓಡಿದರು. ಅಮ್ಮ ಎದೆ ಎದೆ ಬಡಿದುಕೊಂಡಳು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಗೋಡೆ ಸವರಿಕೊಂಡು, ಕಾಲೆಲ್ಲ ಕೆಸರು ಮಾಡಿಕೊಂಡು ಬಂದರು. ಮುಖದಲ್ಲಿ ಅಂಥಾ ಕಳೆ ನಾನು ಕಂಡೇ ಇರಲಿಲ್ಲ.

"ಎಲ್ಲಿಗೋಗಿದ್ದೆ ಅಕ್ಕ?" ಹೊಳೆಯಿಂದ ಬರಿಗೈಲಿ ಬಂದಿದ್ದ ಅಪ್ಪ ಕೇಳಿದರು.

"ಅವಳ ಮನೆಗೆ. ನಾಳೀಕೂ ಬಾ ಅಂದವ್ಳೆ" ಎಂದು ಅತ್ತೆ ಕಾಲು ತೊಳೆಯಲು ಚೊಂಬು ತಡಕಿದರು. "ಆ ಕೋಲ್ನ ನಾ ಹೊರಡೋಕ್ ಮೊದ್ಲೇ ಗುಡಿಗೆ ಕಳಿಸ್ಬುಡು ಕಣ್ಲಾ."